ಇಂಗ್ಲಿಷಿನಲ್ಲಿ ಮಾರ್ಕ್ಸ್ ಬಂದರೆ ಸಾಲದು, ಇಂಗ್ಲಿಷ್ ಬರಬೇಕು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಮ್ಮೂರ ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯ ಆವರಣದಲ್ಲಿ ಜರುಗಿದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮ್ಮ ಹಾಲು ಉತ್ಪಾದಕರ ಸಹಕಾರಿ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನನಗೂ ಎರಡು ಮಾತು ಆಡಲು ಅವಕಾಶ ಕೊಟ್ಟಿದ್ದೀರಿ. ಆಡಳಿತ ಮಂಡಳಿಯ ಸಭೆಯಲ್ಲಿ ವಿಷಯ ಹಂಚಿಕೊಳ್ಳುವಾಗ ಒಬ್ಬರು ಹಸಿ ಮೇವಿನ ಬಗ್ಗೆ, ಒಬ್ಬರು ಕೆಚ್ಚಲು ಬಾವಿನ ಬಗ್ಗೆ, ಇನ್ನೊಬ್ಬರು ಕರುಗಳ ಪಾಲನೆಯ ಬಗ್ಗೆ ಮಾತಾಡುತ್ತೇವೆ ಎಂದರು. ನಾನು "ಸರಕಾರಿ ಸಾಲ್ಯಾಗ ಇಂಗ್ಲಿಷ್ ಹೆಂಗ ಕಲಿಸಬೇಕು ಅನ್ನೂದರ ಮ್ಯಾಲ ಮಾತಾಡ್ತೇನಿ" ಅಂದಾಗ ಎಲ್ಲರೂ ನಕ್ಕರು. ಒಬ್ಬ ಹಿರಿಯರು, "ತಮ್ಮಾ, ನೀ ಎಸ್.ಎಸ್.ಎಲ್.ಸಿ. ಆದಾಂವ. ಮಾಸ್ತರಗ ಪಾಠ ಹೇಳಾಕ ಹೊಂಟಿ ಏನ?" ಎಂದು ಕೇಳಿದರು. ಅವರ ಮಾತು ಖರೆ. ಮಾಸ್ತರರಿಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಇಂಗ್ಲಿಷ್ ಕಲಿತೂ ಅದು ಬಾರದೆ ಹೋದರೆ ಏನಾಗುತ್ತದೆ ಎಂಬುದನ್ನು ಹೇಳುವ ಯೋಗ್ಯತೆ ನನಗೆ ಬೇಕಾದಷ್ಟಿದೆ. ಅದನ್ನೇ ಹೇಳುತ್ತೇನೆ.

ನಾನು ಐದನೇ ಇಯತ್ತೆಯಲ್ಲಿ ಎ ಬಿ ಸಿ ಡಿ ಹಿಡಿದವನು. ಆಗ ಸರಕಾರಿ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದರಿಂದ. 1996ರಲ್ಲಿ ಎಸ್.ಎಸ್.ಎಲ್.ಸಿ. ಪಾಸಾದೆ. ಇಂಗ್ಲಿಷಿಗೆ ನೂರಕ್ಕೆ 61 ಮಾರ್ಕ್ಸ್ ಬಿದ್ದಿದ್ದವು. ಮನೆಯಲ್ಲಿ ಸಕ್ಕರೆ ಹಂಚಿದ್ದರು.

ಮುಂದೆ 2008ರಲ್ಲಿ ಒಂದು ಸಂಗತಿ ನಡೆಯಿತು. ನಮ್ಮ ಹೊಲದಲ್ಲಿ ಇಪ್ಪತ್ತು ಗುಂಟೆ ಬದನಿ ಇತ್ತು, ಬಾಜೂಕ ಕಬ್ಬು. ಕಬ್ಬಿನೊಳಗಿನ ಕಸಕ್ಕೆ ಹೊಡೆಯುವ ಎಣ್ಣಿ, ಬದನಿಯ ಹುಳಕ್ಕೆ ಹೊಡೆಯುವ ಎಣ್ಣಿ ಎರಡನ್ನೂ ಒಂದೇ ದಿನ ತಂದು ಗುಡಿಸಲಲ್ಲಿ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಒಂದು ಡಬ್ಬಿ ತೆಗೆದು ಮೇಲಿನ ಅಕ್ಷರ ಓದಿದೆ. ನನಗೆ ಓದಲು ಬರುತ್ತಿತ್ತು, ಇದನ್ನು ಲಕ್ಷ್ಯದಲ್ಲಿಡಿರಿ. 'ಹರ್ಬಿಸೈಡ್' ಎಂದು ಕೂಡಿಸಿ ಓದಿದೆ. ಆದರೆ ಹರ್ಬಿಸೈಡ್ ಅಂದರೆ ಕಸ ಕೊಲ್ಲುವ ಔಷಧ, ಇನ್‌ಸೆಕ್ಟಿಸೈಡ್ ಅಂದರೆ ಹುಳ ಕೊಲ್ಲುವ ಔಷಧ ಎಂಬುದು ಗೊತ್ತಿರಲಿಲ್ಲ. ಡಬ್ಬಿಯ ಮೇಲೆ ಬಣ್ಣದ ಗುರುತು ಇತ್ತು. ಕೆಂಪು, ಹಳದಿ, ನೀಲಿ, ಹಸಿರು ಎಂಬ ಆ ಬಣ್ಣ ವಿಷ ಎಷ್ಟು ಜೋರು ಎಂದು ಹೇಳುತ್ತದೆಯೇ ಹೊರತು ಯಾವುದಕ್ಕೆ ಹೊಡೆಯಬೇಕೆಂದು ಹೇಳುವುದಿಲ್ಲ. ಜೊತೆಗಿದ್ದ ಕಾಗದದಲ್ಲಿ ಕನ್ನಡವೂ ಇತ್ತು. ಅದನ್ನು ಬಿಚ್ಚಿ ನೋಡುವ ತಾಳ್ಮೆ ನನಗಿರಲಿಲ್ಲ. ಕಸದ ಎಣ್ಣಿಯನ್ನು ಬದನಿಗೆ ಹೊಡೆದೆ. ಮೂರು ದಿನದಲ್ಲಿ ಎಲೆ ಮುರುಟಿ, ಕುಡಿ ಸೊಟ್ಟಗಾಗಿ, ತೋಟ ನಿಂತಲ್ಲೇ ಹೋಯಿತು. ಅಂಗಡಿಯವರ ತಪ್ಪೇನೂ ಇರಲಿಲ್ಲ. ತಪ್ಪು ನನ್ನದು, ಮತ್ತು ನನ್ನ 61 ಮಾರ್ಕ್ಸಿನದು.

ಬದನಿ ಹೋದದ್ದನ್ನು ಮರೆತೆ. ಮುಂದಿನ ವರ್ಷ ಮತ್ತೆ ಹಚ್ಚಿದೆ. ಆದರೆ ಎರಡನೆಯ ಸಂಗತಿಯನ್ನು ಮರೆಯಲು ಆಗುತ್ತಿಲ್ಲ.

ನನ್ನ ಮಗಳು ಒಂದರಿಂದ ಏಳರ ವರೆಗೆ ಇದೇ ಶಾಲೆಯಲ್ಲಿ, ಮುಂದೆ ಹೈಸ್ಕೂಲಿನಲ್ಲಿ, ಎಲ್ಲವನ್ನೂ ಕನ್ನಡ ಮಾಧ್ಯಮದಲ್ಲಿ ಓದಿದಳು. ಸಣ್ಣಾಕೆ ಇದ್ದಾಗಿನಿಂದ ಎಮ್ಮೆ ಈಯುವಾಗ ನಮ್ಮವ್ವನ ಜೊತೆ ಕೊಟ್ಟಿಗೆಯಲ್ಲಿ ನಿಲ್ಲುತ್ತಿದ್ದಳು. "ನಾ ದನದ ಡಾಕ್ಟರ್ ಆಗ್ತೇನಿ" ಎನ್ನುತ್ತಿದ್ದಳು. 2023ರಲ್ಲಿ ಎಸ್.ಎಸ್.ಎಲ್.ಸಿ. ಆಯಿತು. ಇಂಗ್ಲಿಷಿಗೆ ನೂರಕ್ಕೆ 88. ನಮ್ಮ ಸಂಘದಿಂದಲೇ ಆಕೆಗೆ ಸನ್ಮಾನ ಮಾಡಿ ಪುಸ್ತಕ ಕೊಟ್ಟಿರಿ, ನಿಮಗೆ ನೆನಪಿರಬಹುದು. ಖುಷಿಯಿಂದ ಪಿ.ಯು.ಸಿ. ಸಾಯನ್ಸಿಗೆ ಹಚ್ಚಿದೆ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಎರಡು ವಾರ ಸುಮ್ಮನೆ ಹೋಗಿ ಬಂದಳು. ಮೂರನೇ ವಾರ ಒಂದು ಸಂಜೆ ಕೊಟ್ಟಿಗೆಯಲ್ಲಿ ಕುಳಿತು ಅಳುತ್ತಿದ್ದಳು. ಕೇಳಿದರೆ, "ಅಪ್ಪಾ, ಸರ್ ಹೇಳೂದು ಒಂದೂ ತಿಳಿಯೂದಿಲ್ಲ. ಬೋರ್ಡ್ ಮ್ಯಾಲ ಬರದದ್ದನ್ನ ಬರಕೊಂಡ ಬರ್ತೇನಿ. ಕೇಳಾಕ ಎದ್ದು ನಿಂತರ ಬಾಯಾಗ ಮಾತ ಬರೂದಿಲ್ಲ" ಎಂದಳು.

ನಾನು "ನಿನಗ 88 ಬಿದ್ದಾವಲ್ಲವ್ವಾ?" ಎಂದು ಕೇಳಿದೆ. ಆಗ ಆಕೆ ಹೇಳಿದ್ದನ್ನು ಕೇಳಿರಿ. "ಅದು ಬಾಯಿಪಾಠ ಅಪ್ಪಾ. ಪತ್ರ ಬಾಯಿಪಾಠ, ಪ್ರಬಂಧ ಬಾಯಿಪಾಠ, ಪದ್ಯದ ಸಾರಾಂಶ ಬಾಯಿಪಾಠ. ಪ್ರಶ್ನಿ ನೋಡಿದ ಕೂಡ್ಲೆ ಯಾವ ಉತ್ತರ ಬರೀಬೇಕಂತ ಗೊತ್ತಾಗತಿತ್ತು." ಮೂರು ತಿಂಗಳು ಒದ್ದಾಡಿ ಆಕೆ ಸಾಯನ್ಸ್ ಬಿಟ್ಟು ಆರ್ಟ್ಸಿಗೆ ಹೋದಳು. ಈಗ ಬಿ.ಎ. ಓದುತ್ತಿದ್ದಾಳೆ. ಆರ್ಟ್ಸ್ ಕಡಿಮೆಯದು ಎಂದು ನಾನು ಹೇಳುತ್ತಿಲ್ಲ. ಆದರೆ ದನದ ಡಾಕ್ಟರ್ ಆಗಬೇಕೆಂದಿದ್ದ ಹುಡುಗಿ ಆ ದಾರಿ ಬಿಟ್ಟದ್ದು ಬುದ್ಧಿ ಕಡಿಮೆ ಇದ್ದುದಕ್ಕಲ್ಲ. ಇದನ್ನು ಸಭೆಯಲ್ಲಿ ಹೇಳಲೇನವ್ವಾ ಎಂದು ನಿನ್ನೆ ರಾತ್ರಿ ಕೇಳಿದೆ. "ಹೇಳ್ರಿ ಅಪ್ಪಾ, ನನಗಾದದ್ದು ಮತ್ತೊಬ್ಬರಿಗೆ ಆಗೂದು ಬ್ಯಾಡ" ಎಂದಳು. ಅದಕ್ಕೇ ಹೇಳುತ್ತಿದ್ದೇನೆ.

ಬಂಧುಗಳೇ, ಇಲ್ಲೊಂದು ವಿಚಾರ ಮಾಡೋಣ. ನನಗೆ ಇಂಗ್ಲಿಷ್ ಶುರುವಾದದ್ದು ಐದನೇ ಇಯತ್ತೆಗೆ. ತಡವಾಯಿತು, ಅದಕ್ಕೇ ಬರಲಿಲ್ಲ ಎಂದುಕೊಂಡಿದ್ದೆ. 2007-08ನೇ ಸಾಲಿನಿಂದ ಸರಕಾರವು ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲು ಆರಂಭಿಸಿತು. ನನ್ನ ಮಗಳು ಹಾಗೆ ಕಲಿತವಳು. ನಾನು ಆರು ವರ್ಷ ಕಲಿತೆ, ಆಕೆ ಹತ್ತು ವರ್ಷ ಕಲಿತಳು. ನನಗಿಂತ ಮಾರ್ಕ್ಸ್ ಹೆಚ್ಚು ಬಂದವು. ಇಂಗ್ಲಿಷ್ ಮಾತ್ರ ಇಬ್ಬರಿಗೂ ಬರಲಿಲ್ಲ. ಅಂದ ಮೇಲೆ ಬೇಗ ಶುರು ಮಾಡಿದರೆ ಎಲ್ಲ ಸರಿಯಾಗುತ್ತದೆ ಎಂಬುದು ಸುಳ್ಳು. ಎಂದು ಶುರು ಮಾಡಿದೆವು ಎನ್ನುವುದಕ್ಕಿಂತ ಹೇಗೆ ಕಲಿಸಿದೆವು, ಏನನ್ನು ಅಳೆದೆವು ಎಂಬುದೇ ಮುಖ್ಯ.

ಅಳೆಯುವ ವಿಷಯ ನಮ್ಮ ಸಂಘದವರಿಗೆ ಹೇಳಿಕೊಡಬೇಕಾಗಿಲ್ಲ. ಸಂಘ ಆಗುವ ಮೊದಲು ನಮ್ಮೂರಲ್ಲಿ ಹಾಲನ್ನು ಮಾಪಿನಿಂದ ಅಳೆದು ಒಯ್ಯುತ್ತಿದ್ದರು. ಗಟ್ಟಿ ಹಾಲಿಗೂ ಅದೇ ರೇಟು, ನೀರು ಹಾಲಿಗೂ ಅದೇ ರೇಟು. ಕ್ಯಾನ್ ತುಂಬಿದರೆ ಸಾಕು. ಸಂಘ ಬಂದ ಮೇಲೆ ಫ್ಯಾಟ್ ನೋಡುವುದು, ಎಸ್.ಎನ್.ಎಫ್. ನೋಡುವುದು ಬಂತು. ಆಕಳ ಹಾಲಿಗೆ ಫ್ಯಾಟ್ 3.5, ಎಸ್.ಎನ್.ಎಫ್. 8.5 ಇರಬೇಕು ಎಂಬುದನ್ನು ಈಗ ನಮ್ಮ ಅಜ್ಜಿಯರೂ ಹೇಳುತ್ತಾರೆ. ಮೊದಲು ಎಷ್ಟು ಜಗಳ ಆದವು! "ನನ್ನ ಎಮ್ಮಿಗೆ ಫ್ಯಾಟ್ ಕಡಿಮಿ ಅಂತೀರಿ?" ಎಂದು ಕ್ಯಾನ್ ಎತ್ತಿಕೊಂಡು ಹೋದವರು ಈ ಸಭೆಯಲ್ಲೇ ಇದ್ದಾರೆ. ಆಮೇಲೆ ತಿಳಿಯಿತು, ಈ ಪರೀಕ್ಷೆ ನಮ್ಮ ಮಾನ ಕಳೆಯಲಿಕ್ಕಲ್ಲ, ಎಮ್ಮೆಗೆ ಏನು ಕಡಿಮೆಯಾಗಿದೆ ಎಂದು ತಿಳಿಸಲಿಕ್ಕೆ ಎಂದು. ಫ್ಯಾಟ್ ಇಳಿದರೆ ಹಿಂಡಿ, ಮೇವು ನೋಡಿಕೊಂಡೆವು.

ಶಾಲೆಯಲ್ಲಿ ಇಂಗ್ಲಿಷ್ ಇನ್ನೂ ಮಾಪಿನ ಹಾಲಿನಂತಿದೆ. ಪಾಠ ಎಷ್ಟು ಮುಗಿದವು, ಪುಸ್ತಕ ತುಂಬಿತೇ, ಮಾರ್ಕ್ಸ್ ಎಷ್ಟು ಎಂದು ನೋಡುತ್ತೇವೆ. ಮಗುವಿಗೆ ಏನು ಬರುತ್ತದೆ ಎಂದು ನೋಡುವುದಿಲ್ಲ. ಸಾಮರ್ಥ್ಯ ಆಧಾರಿತ ಕಲಿಕೆ ಎಂದು ಮಾಸ್ತರರು ಹೇಳುತ್ತಾರಲ್ಲ, ಆ ದೊಡ್ಡ ಹೆಸರಿನ ಒಳಗಿರುವುದು ಇಷ್ಟೇ: 'ಪಾಠ ಮುಗಿಯಿತೇ?' ಎಂದು ಕೇಳುವ ಬದಲು 'ಮಗುವಿಗೆ ಮಾಡಲು ಬರುತ್ತದೆಯೇ?' ಎಂದು ಕೇಳುವುದು. ಬಂದಿದ್ದರೆ ಮುಂದಿನ ಮೆಟ್ಟಿಲು. ಬಂದಿರದಿದ್ದರೆ ಬೈಯದೆ, ಬೇರೆ ರೀತಿಯಿಂದ ಮತ್ತೊಮ್ಮೆ.

ಇದು ನಿನ್ನೆ ಮೊನ್ನೆ ಹುಟ್ಟಿದ ಮಾತಲ್ಲ. ಪ್ರಾಥಮಿಕ ಶಾಲೆಯ ಮಗುವಿಗೆ ಓದು, ಬರಹ, ಲೆಕ್ಕದಲ್ಲಿ ಕನಿಷ್ಠ ಇಷ್ಟಾದರೂ ಬರಲೇಬೇಕು ಎಂದು ತರಗತಿವಾರು ಪಟ್ಟಿ ಮಾಡಿದ 'ಕನಿಷ್ಠ ಕಲಿಕಾ ಮಟ್ಟ'ದ ವರದಿ ದೇಶದಲ್ಲಿ 1991ರಲ್ಲೇ ಹೊರಬಂತು. ನಮ್ಮ ರಾಜ್ಯದ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ 'ನಲಿ-ಕಲಿ' ಶುರುವಾಯಿತು. ಅದರಲ್ಲಿ ಮಗು ಏಣಿ ಏರಿದಂತೆ ತನ್ನ ವೇಗದಲ್ಲಿ ಮೆಟ್ಟಿಲು ಏರುತ್ತದೆ. 2017ರಲ್ಲಿ ಎನ್.ಸಿ.ಇ.ಆರ್.ಟಿ.ಯವರು ಪ್ರತಿ ತರಗತಿಗೆ 'ಕಲಿಕಾ ಫಲ'ಗಳನ್ನು ಬರೆದುಕೊಟ್ಟರು. ಅದರಲ್ಲಿ ಇಂಗ್ಲಿಷೂ ಇದೆ. 2021ರಲ್ಲಿ ಬಂದ 'ನಿಪುಣ್ ಭಾರತ' ಯೋಜನೆ, ಮೂರನೇ ಇಯತ್ತೆ ಮುಗಿಯುವುದರೊಳಗೆ ಮಗು ಅರ್ಥ ಮಾಡಿಕೊಂಡು ಓದಬೇಕು ಎನ್ನುತ್ತದೆ. ಕೊರೋನಾದಲ್ಲಿ ಶಾಲೆ ಮುಚ್ಚಿ, ಸಣ್ಣ ಮಕ್ಕಳ ತರಗತಿಗಳು 2021ರ ಅಕ್ಟೋಬರ್ 25ಕ್ಕೆ ತೆರೆದವು. ಮರೆತದ್ದನ್ನು ತುಂಬಿಕೊಡಲು ನಮ್ಮ ಸರಕಾರ 2022-23ರಲ್ಲಿ 'ಕಲಿಕಾ ಚೇತರಿಕೆ' ವರ್ಷ ಮಾಡಿತು. ಅಂದರೆ ದಾರಿ ಗೊತ್ತಿದೆ. ಕಾಗದದ ಮೇಲೆ ಇರುವುದು ನಮ್ಮೂರ ಕೋಣೆಯೊಳಗೆ ಬರಬೇಕು, ಅಷ್ಟೇ.

"ಇಂಗ್ಲಿಷ್ ಬ್ಯಾರೆ ದೇಶದ ಭಾಷಾ, ನಮ್ಮ ಹುಡುಗರಿಗೆ ಹೆಂಗ ಬರತೈತಿ?" ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ನಮಗೆ ಮರಾಠಿ ಹೇಗೆ ಬಂತು? ಹುಕ್ಕೇರಿ, ಸಂಕೇಶ್ವರದ ಕಡೆಯವರು ಗಡಹಿಂಗ್ಲಜ ಪೇಟೆಗೆ ಹೋಗುತ್ತೀರಿ. ಬೆಲ್ಲ ಹಾಕಿಕೊಂಡು ಕೊಲ್ಲಾಪುರಕ್ಕೆ ಹೋದವರು ಇಲ್ಲಿದ್ದೀರಿ. ಯಾವ ಮಾಸ್ತರರು ನಿಮಗೆ ಮರಾಠಿ ವ್ಯಾಕರಣ ಕಲಿಸಿದರು? ಮೊದಲು ಕೇಳಿದಿರಿ. ಆಮೇಲೆ 'ಕಿತಿ?' 'ಕಾಯ ಭಾವ?' ಎಂದು ತಪ್ಪೋ ಒಪ್ಪೋ ಮಾತಾಡಿದಿರಿ. ಎದುರಿನವರು ನಗಲಿಲ್ಲ, ವ್ಯಾಪಾರ ಮಾಡಿದರು. ಕೆಲವರು ಆಮೇಲೆ ಬಸ್ಸಿನ ಬೋರ್ಡು, ಅಂಗಡಿಯ ಪಾಟಿ ಓದಲು ಕಲಿತಿರಿ. ಆಲಿಸುವುದು, ಮಾತಾಡುವುದು, ಓದುವುದು, ಬರೆಯುವುದು, ಹೀಗೆ ಒಂದರ ಹಿಂದೊಂದು. ಶಾಲೆಯಲ್ಲಿ ನಾವು ಇಂಗ್ಲಿಷನ್ನು ತಿರುವುಮುರುವು ಮಾಡಿದೆವು. ಮೊದಲ ದಿನವೇ ಬರೆಯಲು ಹಚ್ಚಿದೆವು, ಮಾತಾಡುವುದನ್ನು ಕೊನೆಯ ವರೆಗೂ ಹಚ್ಚಲಿಲ್ಲ.

ಇನ್ನೊಂದು ಮಾತು. ನಮ್ಮ ಹುಡುಗರು ಇಂಗ್ಲಿಷ್ ಏನೂ ಬಾರದೆ ಶಾಲೆಗೆ ಬರುವುದಿಲ್ಲ. ಮೋಟಾರ್, ಸ್ಟಾರ್ಟರ್, ಫ್ಯೂಜ್, ಪಂಪ್, ಟ್ರ್ಯಾಕ್ಟರ್, ಟ್ರಾಲಿ, ಲೋಡ್, ಬ್ರೇಕ್, ಗೇಟ್, ಡ್ಯಾಮ್, ಫ್ಯಾಕ್ಟರಿ, ಬಿಲ್ಲು, ಕ್ಯಾನು, ಫ್ಯಾಟು ಎಲ್ಲವೂ ಇಂಗ್ಲಿಷ್ ಮಾತುಗಳೇ. ಮನೆಗೆ ಹೋಗಿ ಎಣಿಸಿ ನೋಡಿರಿ. ಗೋಕಾಕ ಫಾಲ್ಸಿನ ಗಿರಣಿ 1885ರಿಂದ ಇದೆ. ಅಲ್ಲಿ ದುಡಿದ ಹಿರಿಯರು ಶಾಲೆ ಕಾಣದಿದ್ದರೂ ಯಂತ್ರದ ಒಂದೊಂದು ಭಾಗವನ್ನು ಇಂಗ್ಲಿಷ್ ಹೆಸರಿನಿಂದಲೇ ಕರೆಯುತ್ತಿದ್ದರು. ಗೊತ್ತಿದ್ದುದರಿಂದ ಗೊತ್ತಿಲ್ಲದ್ದಕ್ಕೆ ಹೋಗುವುದೇ ಸರಿಯಾದ ಕಲಿಕೆ.

ಈಗ ಇದೇ ಶಾಲೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಸಂಘದ ಯಂತ್ರದಿಂದ ದಿನಾಲು ಹಾಲಿನ ಚೀಟಿ ಬರುತ್ತದೆ. ಅದರ ಮೇಲೆ ಇರುವುದೆಲ್ಲ ಇಂಗ್ಲಿಷು: ದಿನಾಂಕ, ಬೆಳಿಗ್ಗೆಯೋ ಸಂಜೆಯೋ, ಲೀಟರ್, ಫ್ಯಾಟ್, ರೇಟು, ಮೊತ್ತ. ನಾಲ್ಕನೇ ಇಯತ್ತೆಯ ಟೀಚರ್ ಮಕ್ಕಳಿಗೆ ಮನೆಯಿಂದ ಒಂದೊಂದು ಚೀಟಿ ತರಲು ಹೇಳಿದರು. ಮೊದಲು ಮಕ್ಕಳು ಗೊತ್ತಿದ್ದ ಮಾತು ಹುಡುಕಿದರು. ಆಮೇಲೆ ಟೀಚರ್ ಇಂಗ್ಲಿಷಿನಲ್ಲೇ ಸಣ್ಣ ಸಣ್ಣ ಪ್ರಶ್ನೆ ಕೇಳಿದರು, ಇವತ್ತು ಎಷ್ಟು ಲೀಟರ್, ರೇಟು ಎಷ್ಟು ಎಂದು. ಮಕ್ಕಳು ಒಂದೊಂದು ಮಾತಿನಲ್ಲಿ ಉತ್ತರ ಕೊಟ್ಟರು. ಆಮೇಲೆ ಇಬ್ಬಿಬ್ಬರು ಕೂಡಿ ತಾವೇ ಕೇಳಿ, ತಾವೇ ಹೇಳಿದರು. ಕೊನೆಗೆ ತಮ್ಮ ಮನೆಯ ಎಮ್ಮೆಯ ಬಗ್ಗೆ ಎರಡು ಸಾಲು ಬರೆದರು. ಟೀಚರ ಹತ್ತಿರ ಒಂದು ವಹಿ ಇತ್ತು. ಯಾರು ಕೇಳಿ ತಿಳಿದರು, ಯಾರು ಮಾತಾಡಿದರು, ಯಾರಿಗೆ ಓದಲು ಇನ್ನೂ ಬರುವುದಿಲ್ಲ ಎಂದು ಹೆಸರಿನ ಮುಂದೆ ಗುರುತು ಮಾಡಿದ್ದರು. ಬಾರದ ಐದು ಮಕ್ಕಳನ್ನು ಮರುದಿನ ಹತ್ತಿರ ಕೂಡಿಸಿಕೊಂಡು ಚಿತ್ರದ ಚೀಟಿಗಳಿಂದ ಮತ್ತೆ ಹೇಳಿದರು.

ಒಂದು ವಾರದ ಮೇಲೆ ಒಬ್ಬ ಅಜ್ಜಿ ಸಂಘಕ್ಕೆ ಬಂದು, "ನನ್ನ ಮೊಮ್ಮಗಳು ಚೀಟಿ ಓದಿ ಫ್ಯಾಟ್ ಇಳದೈತಿ ಅಂದ್ಲು, ಹೌದೇನ್ರಿ?" ಎಂದು ಕೇಳಿದಳು. ಹೌದಾಗಿತ್ತು. ಇದಕ್ಕೆ ಪರೀಕ್ಷೆ ಬೇಕೇ? ಮಾರ್ಕ್ಸ್ ಬೇಕೇ? ಆ ಹುಡುಗಿಗೆ ಅಷ್ಟು ಇಂಗ್ಲಿಷ್ ಬಂದಿದೆ.

ಕೆಲವರು ಕೇಳಬಹುದು, ಇಷ್ಟೆಲ್ಲ ಯಾಕೆ, ಎಲ್ಲರನ್ನೂ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಆಗದೇ ಎಂದು. ಇಲ್ಲಿ ನಾನು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಮಗಳನ್ನು ಇಲ್ಲಿ ಹಾಕಿದವನು ಮಗನನ್ನು ಮಾತ್ರ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹಾಕಿದೆ. ಹಳದಿ ವ್ಯಾನು ಬಾಗಿಲಿಗೆ ಬರುತ್ತದೆ, ಬೂಟು, ಟೈ, ನೋಡಲು ಚೆಂದ. ಹೆಣ್ಣಿಗೊಂದು, ಗಂಡಿಗೊಂದು ಎಂಬ ಭೇದ ನನ್ನಲ್ಲೂ ಇತ್ತು, ಸುಳ್ಳು ಹೇಳುವುದಿಲ್ಲ. ಕೊರೋನಾದಲ್ಲಿ ಅವನು ಮನೆಯಲ್ಲೇ ಕುಳಿತಾಗ ಪುಸ್ತಕ ಓದಿಸಿದೆ. ಮಳೆ ಹೇಗೆ ಬರುತ್ತದೆ ಎಂಬ ಪಾಠ. ಇಂಗ್ಲಿಷಿನಲ್ಲಿ ಸರಸರ ಓದಿದ. ನನಗೆ ಹೆಮ್ಮೆ ಆಯಿತು. "ಏನ ಹೇಳೇತಿ ಕನ್ನಡದಾಗ ಹೇಳೋ" ಎಂದೆ. ಬರಲಿಲ್ಲ. "ಇಂಗ್ಲಿಷಿನ್ಯಾಗರ ನಿನ್ನ ಮಾತಿನಿಂದ ಹೇಳು" ಎಂದೆ. ಅದೂ ಬರಲಿಲ್ಲ. ಓದು ಇತ್ತು, ತಿಳಿವಳಿಕೆ ಇರಲಿಲ್ಲ. ನನ್ನ ಹರ್ಬಿಸೈಡಿನ ಡಬ್ಬಿಯೇ ಮತ್ತೆ ನೆನಪಾಯಿತು. ಮಗಳಿಗೆ ಮಳೆ ಹೇಗೆ ಬರುತ್ತದೆ ಎಂದು ಗೊತ್ತಿತ್ತು, ಇಂಗ್ಲಿಷಿನಲ್ಲಿ ಹೇಳಲು ಬರುತ್ತಿರಲಿಲ್ಲ. ಮಗನಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಮಳೆ ಗೊತ್ತಿರಲಿಲ್ಲ. ಮಾಧ್ಯಮ ಯಾವುದೇ ಇರಲಿ, ಬಾಯಿಪಾಠ ಎರಡೂ ಕಡೆ ಒಂದೇ.

ಪಾಲಕರ ಆಯ್ಕೆಗೆ ಯಾರೂ ಅಡ್ಡ ಬರುವಂತಿಲ್ಲ. ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿದೆ. 2019ರಲ್ಲಿ ನಮ್ಮ ರಾಜ್ಯದ ಒಂದು ಸಾವಿರ ಸರಕಾರಿ ಶಾಲೆಗಳಲ್ಲೂ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದರು. ನಾನು ಹೇಳುವುದು ಇಷ್ಟೇ: ಇಂಗ್ಲಿಷ್ ಮಾಧ್ಯಮ ಬೇರೆ, ಇಂಗ್ಲಿಷ್ ಭಾಷೆ ಬರುವುದು ಬೇರೆ. ಕನ್ನಡದಲ್ಲಿ ವಿಷಯ ತಿಳಿದುಕೊಂಡು, ಜೊತೆಗೆ ಇಂಗ್ಲಿಷನ್ನು ಒಂದು ಭಾಷೆಯಾಗಿ ಗಟ್ಟಿಯಾಗಿ ಕಲಿತರೆ ಮಗು ಎಲ್ಲಿಗೆ ಹೋದರೂ ನಿಲ್ಲುತ್ತದೆ.

ಹೀಗೆಂದರೆ ಕನ್ನಡಕ್ಕೆ ದ್ರೋಹವಾಗುತ್ತದೆಯೇ? ನಮ್ಮ ತಾಲೂಕಿನ ಹೆಸರನ್ನೇ ಅಡ್ಡಹೆಸರಾಗಿ ಹೊತ್ತ ಡಾ. ವಿ.ಕೃ. ಗೋಕಾಕರನ್ನು ನೆನೆಯಿರಿ. ಅವರು ಹುಟ್ಟಿದ್ದು ಸವಣೂರಿನಲ್ಲಿ. ಪ್ರೌಢಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿ ಕೊಟ್ಟವರು ಅವರೇ. ಅದಕ್ಕಾಗಿ 1982ರಲ್ಲಿ ಡಾ. ರಾಜಕುಮಾರರ ಮುಂದಾಳುತನದಲ್ಲಿ ಇಡೀ ನಾಡೇ ಬೀದಿಗಿಳಿಯಿತು. ಅದೇ ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿದವರು, ಇಂಗ್ಲಿಷ್ ಪ್ರೊಫೆಸರರು. ದೇಶದಲ್ಲಿ ಇಂಗ್ಲಿಷನ್ನು ಚೆನ್ನಾಗಿ ಕಲಿಸುವುದು ಹೇಗೆ ಎಂದು ತೋರಿಸಲು 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿಯೂ ಕೆಲಸ ಮಾಡಿದವರು. ಒಂದೇ ಮನುಷ್ಯನಲ್ಲಿ ಎರಡೂ ಇದ್ದವು. ಕನ್ನಡ ಮನೆಯ ಬುನಾದಿ, ಇಂಗ್ಲಿಷ್ ಊರ ಹೊರಗಿನ ರಸ್ತೆ. ಬುನಾದಿ ತೆಗೆದು ರಸ್ತೆ ಮಾಡುವವರು ಯಾರೂ ಇಲ್ಲ. ರಸ್ತೆಯೇ ಬೇಡ ಎಂದು ಮನೆಯಲ್ಲಿ ಕೂಡುವವರೂ ಇಲ್ಲ.

ಇನ್ನು ಗುರುಗಳ ಕಷ್ಟವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಹಲವು ಹಳ್ಳಿಗಳಲ್ಲಿ ಒಬ್ಬರೇ ಗುರುಗಳು ಎರಡು ಮೂರು ಇಯತ್ತೆ ನೋಡಬೇಕು. ಅವರಲ್ಲಿ ಹಲವರು ನಮ್ಮಂತೆಯೇ ಐದನೇ ಇಯತ್ತೆಗೆ ಇಂಗ್ಲಿಷ್ ಹಿಡಿದವರು. ಮಾತಾಡಲು ಅವರಿಗೂ ಸಂಕೋಚ ಇರುತ್ತದೆ. ನಡುವೆ ಚುನಾವಣೆ ಕೆಲಸ, ಗಣತಿ ಕೆಲಸ. ಇದರ ಮೇಲೆ ಪ್ರತಿ ಮಗುವಿನ ಸಾಮರ್ಥ್ಯ ನೋಡಿ ಗುರುತು ಮಾಡಿರಿ ಎಂದರೆ, ಗುರುತು ಮಾಡುವುದೇ ದೊಡ್ಡ ಕೆಲಸವಾಗಿ ಕಲಿಸುವುದು ಹಿಂದೆ ಬೀಳುವ ಭಯವೂ ಇದೆ. ಹಾಲು ನೋಡದೆ ವಹಿಯಲ್ಲಿ ಫ್ಯಾಟ್ ಬರೆದಂತೆ, ಮಗುವನ್ನು ಕೇಳದೆ ಎಲ್ಲ ಹೆಸರಿನ ಮುಂದೆ ರೈಟ್ ಹಾಕಿದರೆ ಯಾರಿಗೂ ಲಾಭವಿಲ್ಲ. ಅದರಿಂದ ಗುರುಗಳಿಗೆ ತರಬೇತಿಯೂ ಬೇಕು, ಸಮಯವೂ ಬೇಕು. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಪ್ರಾಥಮಿಕ ಶಾಲೆಯ ಗುರುಗಳಿಗೆ ಅಲ್ಲಿ ಮೂವತ್ತು ದಿನಗಳ ತರಬೇತಿ ಕೊಡುತ್ತಾ ಬಂದಿದ್ದಾರೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ನಮ್ಮ ಗುರುಗಳನ್ನೂ ಸರದಿಯಂತೆ ಇಂಥ ತರಬೇತ್ಯಕ್ಕೆ ಕಳಿಸಿರಿ ಎಂದು ಇಲಾಖೆಗೆ ನಾವು ಊರವರೇ ಮನವಿ ಕೊಡಬಹುದು.

ಸಹಕಾರಿ ಸಂಘಕ್ಕೂ ಶಾಲೆಗೂ ಏನು ಸಂಬಂಧ ಎಂದು ಕೇಳಬೇಡಿ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಮೊದಲ ಸಹಕಾರಿ ಸಂಘಗಳಲ್ಲಿ ಒಂದನ್ನು ಕಟ್ಟಿದರು. ನಮ್ಮ ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕರೆಂಟನ್ನೇ ಸಹಕಾರದ ಮೂಲಕ ಮನೆ ಮನೆಗೆ ಮುಟ್ಟಿಸಿತು. 1995ರಲ್ಲಿ ಜಗತ್ತಿನ ಸಹಕಾರಿಗಳೆಲ್ಲ ಕೂಡಿ ಒಪ್ಪಿದ ಏಳು ತತ್ವಗಳಲ್ಲಿ ಐದನೆಯದೇ ಶಿಕ್ಷಣ. ಕರೆಂಟು ಹಂಚಿದವರ ನೆರೆಹೊರೆಯವರು ನಾವು. ಒಂದು ಶಾಲೆಯ ಬೆನ್ನಿಗೆ ನಿಲ್ಲಲು ಆಗುವುದಿಲ್ಲವೇ?

ಅದಕ್ಕಾಗಿ ಈ ಸಭೆಯ ಮುಂದೆ ನಾಲ್ಕು ಸಲಹೆ ಇಡುತ್ತೇನೆ.

ಒಂದು, ನಮ್ಮ ಶಾಲೆಯ ಮಗುವಿಗೆ ಯಾವ ಇಯತ್ತೆಗೆ ಏನು ಬರಬೇಕು ಎಂಬುದನ್ನು ಗುರುಗಳು ಕನ್ನಡದಲ್ಲಿ ಸರಳವಾಗಿ ಬರೆದುಕೊಡಲಿ. ಅದನ್ನು ಬೋರ್ಡ್ ಮಾಡಿಸಿ ಶಾಲೆಯಲ್ಲೂ, ಹಾಲು ಹಾಕುವ ಕಟ್ಟೆಯ ಹತ್ತಿರವೂ ಹಚ್ಚೋಣ. ನನ್ನ ಬುದ್ಧಿಗೆ ತೋಚಿದಂತೆ: ಮೂರನೇ ಇಯತ್ತೆಯ ಮಗು ಟೀಚರ್ ಇಂಗ್ಲಿಷಿನಲ್ಲಿ ಹೇಳಿದ ಸಣ್ಣ ಮಾತು ತಿಳಿದು ಮಾಡಬೇಕು, ತನ್ನ ಬಗ್ಗೆ ನಾಲ್ಕು ಮಾತು ಹೇಳಬೇಕು. ಐದನೇ ಇಯತ್ತೆಯದು ಮೊದಲು ನೋಡದ ಒಂದು ಸಣ್ಣ ಕಥೆ ಓದಿ ಅದರ ಅರ್ಥ ಕನ್ನಡದಲ್ಲಿ ಹೇಳಬೇಕು. ಏಳನೇ ಇಯತ್ತೆಯದು ಗುಳಿಗೆಯ ಚೀಟಿ, ಗೊಬ್ಬರದ ಚೀಲ, ಔಷಧದ ಡಬ್ಬಿ ಓದಿ ತಿಳಿಯಬೇಕು, ರಜೆ ಅರ್ಜಿಯನ್ನು ಬಾಯಿಪಾಠ ಮಾಡದೆ ಬರೆಯಬೇಕು. ಗುರುಗಳು ಇದನ್ನು ತಿದ್ದಲಿ.

ಎರಡು, ಸಂಘದ ಸಾರ್ವಜನಿಕ ಹಿತದ ಹಣದಿಂದ ಪ್ರತಿ ವರ್ಷ ಸಣ್ಣ ಸಣ್ಣ ಕಥೆಪುಸ್ತಕಗಳನ್ನು, ಕನ್ನಡದವೂ ಇಂಗ್ಲಿಷಿನವೂ ಸಮಸಮ, ಶಾಲೆಗೆ ಕೊಡೋಣ. ಅವು ಕಪಾಟಿನಲ್ಲಿ ಕೀಲಿ ಹಾಕಿಡಲಿಕ್ಕಲ್ಲ, ಮಕ್ಕಳ ಕೈಯಲ್ಲಿ ಹರಿಯಲಿಕ್ಕೆ.

ಮೂರು, ಇನ್ನು ಮುಂದೆ ಸಂಘದ ವಾರ್ಷಿಕ ಸಭೆಯಲ್ಲಿ ಹೆಚ್ಚು ಮಾರ್ಕ್ಸ್ ಬಂದವರಿಗೆ ಮಾತ್ರ ಶಾಲು ಹಾಕುವುದು ಬೇಡ. ಮಕ್ಕಳು ತಮಗೆ ಏನು ಬರುತ್ತದೆಯೋ ಅದನ್ನು ನಮ್ಮ ಮುಂದೆ ಮಾಡಿ ತೋರಿಸಲಿ. ತಪ್ಪು ಮಾತಾಡಿದರೆ ಯಾರೂ ನಗಬಾರದು. ಗಡಹಿಂಗ್ಲಜದವರು ನಮ್ಮ ಮರಾಠಿಗೆ ನಕ್ಕಿದ್ದರೆ ನಾವು ಎಮ್ಮೆ ತರುತ್ತಿದ್ದೆವೇ?

ನಾಲ್ಕು, ಇದು ಎಲ್ಲಕ್ಕಿಂತ ದೊಡ್ಡದು, ರೊಕ್ಕ ಖರ್ಚಿಲ್ಲದ್ದು. ಮಗು ಸಂಜೆ ಮನೆಗೆ ಬಂದಾಗ "ಎಷ್ಟ ಮಾರ್ಕ್ಸ್ ಬಿದ್ದೂವು?" ಎಂದು ಕೇಳುವುದನ್ನು ಬಿಡೋಣ. "ಇವತ್ತ ಏನ ಬಂತು? ಮಾಡಿ ತೋರಸು ನೋಡೂಣು" ಎಂದು ಕೇಳೋಣ. ನಮಗೆ ಇಂಗ್ಲಿಷ್ ಬಾರದಿದ್ದರೂ ಈ ಪ್ರಶ್ನೆ ಕೇಳಲು ಬರುತ್ತದೆ. ಪ್ರಶ್ನೆ ಕೇಳುವ ಪಾಲಕರಿದ್ದರೆ ಶಾಲಾಭಿವೃದ್ಧಿ ಸಮಿತಿಯೂ ಎಚ್ಚರವಿರುತ್ತದೆ, ಗುರುಗಳಿಗೂ ಹುರುಪು ಬರುತ್ತದೆ.

ಬಂಧುಗಳೇ, ಇಪ್ಪತ್ತೈದು ವರ್ಷದ ಹಿಂದೆ ಮಾಪು ಬಿಟ್ಟು ಫ್ಯಾಟ್ ನೋಡಲು ಒಪ್ಪಿಕೊಂಡದ್ದಕ್ಕೇ ಇಂದು ಈ ಸಂಘ ನಿಂತಿದೆ. ಮುಂದಿನ ಇಪ್ಪತ್ತೈದು ವರ್ಷಕ್ಕೆ ನಮ್ಮ ಮಕ್ಕಳ ಕಲಿಕೆಯಲ್ಲೂ ಅದೇ ಪ್ರಾಮಾಣಿಕತೆ ಬರಲಿ. ಸಂಘದ ಬಂಗಾರದ ಹಬ್ಬ ಬರುವ ಹೊತ್ತಿಗೆ ಈ ಊರಿನ ಒಬ್ಬ ಹುಡುಗಿ, ಈ ಸರಕಾರಿ ಶಾಲೆಯಲ್ಲೇ ಓದಿದವಳು, ದನದ ಡಾಕ್ಟರ್ ಆಗಿ ನಮ್ಮ ಕೊಟ್ಟಿಗೆಗೆ ಬರಲಿ. ಅವಳು ನನ್ನ ಮಗಳಾಗಿರಲಿಕ್ಕಿಲ್ಲ, ನಿಮ್ಮ ಮಗಳೋ ಮೊಮ್ಮಗಳೋ ಆಗಿದ್ದರೂ ನನಗೆ ಅಷ್ಟೇ ಸಂತೋಷ.

ಹಳ್ಳಿಯ ರೈತ ನಾನು, ಮಾತಿನಲ್ಲಿ ಹೆಚ್ಚುಕಡಿಮೆ ಆಗಿದ್ದರೆ ಹಿರಿಯರು ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು. 

ಜೈ ಹಿಂದ್, ಜೈ ಕರ್ನಾಟಕ, ಜೈ ಸಹಕಾರ.